ಮುಂದಿನ ವಾರ ಗೊತ್ತಿಲ್ಲದ ಪತ್ರಿಕೆಗಳು

ನನ್ನ ಕೈಯಲ್ಲಿರುವ ಈ ಅಮೆರಿಕದ ‘ಲೈಫ್’ ವಾರಪತ್ರಿಕೆಯ ಮೇಲಿನ ತಾರೀಖು 1941ರ ಡಿಸೆಂಬರ್ 8. ಅದರ ಹಿಂದಿನ ದಿನ, ಭಾನುವಾರ ಬೆಳಗ್ಗೆ, ಜಪಾನಿನ ವಿಮಾನಗಳು ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿದ್ದವು. ಆ ಲೆಕ್ಕ ಇಟ್ಟುಕೊಂಡೇ ನಾನು ಇದನ್ನು ಕೊಂಡದ್ದು. ಮನೆಗೆ ಬಂದು ಮೊದಲಿಂದ ಕೊನೆಯವರೆಗೆ ಹುಡುಕಿದೆ. ಪರ್ಲ್ ಹಾರ್ಬರ್ ಬಗ್ಗೆ ಒಂದು ಸಾಲೂ ಇರಲಿಲ್ಲ.

ಮೋಸ ಹೋದೆ ಅಂದುಕೊಂಡೆ. ಆಮೇಲೆ ಬುದ್ಧಿ ಬಂತು. ವಾರಪತ್ರಿಕೆಯ ಮುಖಪುಟದ ತಾರೀಖು ಅದು ಅಂಗಡಿಗೆ ಬಂದ ದಿನದ್ದಲ್ಲ, ಮುಂದಿನದು. ನಮ್ಮ ಕನ್ನಡದ ವಾರಪತ್ರಿಕೆಗಳೂ ಹಾಗೇ ಅಲ್ವಾ? ಈ ಸಂಚಿಕೆ ಅಚ್ಚಾಗಿ ಜನರ ಕೈ ಸೇರುವಾಗ ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಮುಖಪುಟದಲ್ಲಿ ಫಿಲಿಪೀನ್ಸ್‌ನಲ್ಲಿದ್ದ ಅಮೆರಿಕದ ಜನರಲ್ ಮೆಕಾರ್ಥರ್. ಗಂಭೀರ ಮುಖ. ಇನ್ನು ಕೆಲವೇ ದಿನದಲ್ಲಿ ಜಪಾನ್ ತನ್ನ ಮೇಲೂ ಬೀಳುತ್ತದೆ, ಮಾರ್ಚ್ ಹೊತ್ತಿಗೆ ತಾನು ಅಲ್ಲಿಂದ ಆಸ್ಟ್ರೇಲಿಯಕ್ಕೆ ಹೋಗಬೇಕಾಗುತ್ತದೆ ಎನ್ನುವುದು ಆ ಮುಖಕ್ಕೆ ಗೊತ್ತಿಲ್ಲ. ಒಳಗಿನ ಜಾಹೀರಾತುಗಳಿಗೂ ಗೊತ್ತಿಲ್ಲ. ಅವು ಕ್ರಿಸ್‌ಮಸ್ ಉಡುಗೊರೆ ಮಾರುತ್ತಾ ಕೂತಿವೆ.

ಆವತ್ತಿನಿಂದ ನಾನು ಹಳೇ ಪತ್ರಿಕೆ ಕೊಳ್ಳುವ ರೀತಿಯೇ ಬದಲಾಯಿತು. ಇತಿಹಾಸದ ಪುಸ್ತಕ ಬರೆಯುವವರಿಗೆ ಕಥೆಯ ಕೊನೆ ಗೊತ್ತಿರುತ್ತದೆ. ವಾರಪತ್ರಿಕೆಗೆ ಮುಂದಿನ ಸೋಮವಾರವೂ ಗೊತ್ತಿರುವುದಿಲ್ಲ. ನನಗೆ ಬೇಕಾದದ್ದು ಆ ಗೊತ್ತಿಲ್ಲದ ವಾರ.

ನಾನು ಈ ಹುಚ್ಚಿಗೆ ಬಿದ್ದದ್ದು ಹೇಗೆ ಅಂತ ನಿಮ್ಮಲ್ಲಿ ಅನೇಕರು ಕೇಳಿದ್ದೀರಿ. ಅದಕ್ಕೆ ಕಾರಣ ನಮ್ಮೂರ ಶಾಲೆ. ಜೂನ್ ತಿಂಗಳಲ್ಲಿ ಹೊಸ ಪುಸ್ತಕಕ್ಕೆ ಬೈಂಡು ಹಾಕಬೇಕಲ್ಲ, ಅದಕ್ಕೆ ಎಲ್ಲರಿಗೂ ಬೇಕಾದದ್ದು ‘ಸೋವಿಯತ್ ಲ್ಯಾಂಡ್’. ನುಣುಪು ಕಾಗದ, ಗೋಧಿ ಹೊಲದಲ್ಲಿ ನಗುವ ಹೆಂಗಸರು. ನಮ್ಮ ಮನೆಗೆ ಅದು ಬರುತ್ತಿರಲಿಲ್ಲ. ಪಕ್ಕದ ಮನೆಯ ಮೇಷ್ಟ್ರ ಹತ್ತಿರ ಅಮೆರಿಕದವರು ದೆಹಲಿಯಿಂದ ಹೊರಡಿಸುತ್ತಿದ್ದ ‘ಸ್ಪ್ಯಾನ್’ ಇತ್ತು. ಹಾಗಾಗಿ ನನ್ನ ಗಣಿತದ ಪುಸ್ತಕದ ಮೇಲೆ ರಾಕೆಟ್, ಸಮಾಜದ ಪುಸ್ತಕದ ಮೇಲೆ ನ್ಯೂಯಾರ್ಕಿನ ಕಟ್ಟಡ. ಎರಡು ದೇಶಗಳ ಶೀತಲ ಸಮರ ನಮ್ಮ ತರಗತಿಯ ಬೆಂಚಿನ ಮೇಲೇ ನಡೆಯುತ್ತಿತ್ತು ಅನ್ನಿ! ನಾವು ಯಾರೂ ಒಳಗಿನದನ್ನು ಓದಿದವರಲ್ಲ. ಕಾಗದ ಎಷ್ಟು ಗಟ್ಟಿ ಅಂತಷ್ಟೇ ನೋಡುತ್ತಿದ್ದದ್ದು.

ಮೂವತ್ತು ವರ್ಷ ಆದಮೇಲೆ, ಅಮೆರಿಕಕ್ಕೆ ಬಂದು, ಒಂದು ಶನಿವಾರ ಹೆಂಡತಿಯ ಜೊತೆ ಎಸ್ಟೇಟ್ ಸೇಲ್‌ಗೆ ಹೋದೆ. ಗೊತ್ತಲ್ಲ, ಮನೆಯ ಹಿರಿಯರು ತೀರಿಕೊಂಡ ಮೇಲೆ ಇದ್ದದ್ದನ್ನೆಲ್ಲ ಮಾರುವುದು. ಅವಳು ಕುರ್ಚಿ ನೋಡುತ್ತಿದ್ದಳು. ನಾನು ಗ್ಯಾರೇಜಿಗೆ ಹೋದೆ. ಹುರಿ ಸುತ್ತಿದ ಪತ್ರಿಕೆಯ ಕಟ್ಟುಗಳು, ಕೆಂಪು ಚೌಕದಲ್ಲಿ ಬಿಳಿ ಅಕ್ಷರದ ‘ಲೈಫ್’. ಎಲ್ಲ ಸೇರಿ ಹತ್ತು ಡಾಲರ್ ಎಂದರು. ಕುರ್ಚಿ ಬರಲಿಲ್ಲ, ಜಾಗ ಇರಲಿಲ್ಲ.

‘ಲೈಫ್’ ಬಗ್ಗೆ ನಾಲ್ಕು ಮಾತು ಹೇಳಿಬಿಡುತ್ತೇನೆ. ಹೆನ್ರಿ ಲೂಸ್ ಎಂಬಾತ 1923ರಲ್ಲಿ ಗೆಳೆಯ ಬ್ರಿಟನ್ ಹ್ಯಾಡನ್ ಜೊತೆ ‘ಟೈಮ್’ ಶುರು ಮಾಡಿದ್ದ. 1936ರ ನವೆಂಬರ್ 23ಕ್ಕೆ ‘ಲೈಫ್’ ತಂದ. ಬೆಲೆ ಹತ್ತು ಸೆಂಟು. ‘ಟೈಮ್’ ಓದುವುದಕ್ಕೆ, ‘ಲೈಫ್’ ನೋಡುವುದಕ್ಕೆ. ಮೊದಲ ಮುಖಪುಟ ಮೊಂಟಾನಾದ ಫೋರ್ಟ್ ಪೆಕ್ ಅಣೆಕಟ್ಟು, ತೆಗೆದವರು ಮಾರ್ಗರೆಟ್ ಬರ್ಕ್-ವೈಟ್. 1946ರಲ್ಲಿ ಗಾಂಧೀಜಿ ಮತ್ತು ಚರಕದ ಚಿತ್ರ ತೆಗೆದರಲ್ಲ, ಅವರೇ. ಅಣೆಕಟ್ಟಿನ ಚಿತ್ರ ತರಲಿ ಎಂದು ಸಂಪಾದಕರು ಕಳಿಸಿದ್ದರೆ ಆಕೆ ಅಲ್ಲಿಯ ಕೂಲಿಕಾರರ ಶನಿವಾರ ರಾತ್ರಿಯನ್ನೂ ತಂದರು. ಗುಡಿಸಲಿನಂಥ ಊರು, ಹೆಂಡದಂಗಡಿ, ದುಡಿದು ದಣಿದ ಗಂಡಸರು ಹೆಂಗಸರು, ಹೆಂಡದಂಗಡಿಯ ಕಟ್ಟೆಯ ಮೇಲೇ ಕೂತ ಒಂದು ಪುಟ್ಟ ಮಗು. ಆರ್ಥಿಕ ಕುಸಿತದ ಕಾಲದ ಅಮೆರಿಕ ಹೇಗಿತ್ತು ಎಂದು ಕೇಳಿದವರಿಗೆ ನಾನು ಆ ಮಗುವನ್ನು ತೋರಿಸುತ್ತೇನೆ. ಒಂದು ಎಚ್ಚರಿಕೆ. ಈ ಮೊದಲ ಸಂಚಿಕೆಯನ್ನು ಆಮೇಲೆ ಮತ್ತೆ ಅಚ್ಚು ಹಾಕಿದ್ದಾರೆ. ಅಗ್ಗಕ್ಕೆ ಸಿಕ್ಕಿತು ಎಂದು ಹಿಗ್ಗಬೇಡಿ, ಮರುಮುದ್ರಣ ಇರುತ್ತದೆ.

ದುಡ್ಡು ಮಾಡುವ ಆಸೆಯಿಂದ ಇದಕ್ಕೆ ಇಳಿಯುವವರು ಯಾರಾದರೂ ಇದ್ದರೆ ಈಗಲೇ ಹೇಳುತ್ತೇನೆ, ಬೇಡ. ಒಂದು ಕಾಲಕ್ಕೆ ‘ಲೈಫ್’ ವಾರಕ್ಕೆ ಎಂಬತ್ತು ಲಕ್ಷಕ್ಕೂ ಮೇಲೆ ಅಚ್ಚಾಗುತ್ತಿತ್ತು. ಅಧ್ಯಕ್ಷ ಕೆನಡಿ ಕೊಲೆಯಾದ ವಾರದ ಸಂಚಿಕೆ, 1963ರ ನವೆಂಬರ್ 29ರದ್ದು, ಈ ದೇಶದ ಅರ್ಧ ಅಟ್ಟಗಳಲ್ಲಿ ಇದೆಯೋ ಏನೋ. ಶೋಕಕ್ಕೆಂದು ಮೇಲಿನ ಕೆಂಪು ಚೌಕವನ್ನು ಕಪ್ಪು ಮಾಡಿದ್ದರು. ಮುಂದೆ ಬೆಲೆ ಬರುತ್ತದೆ ಎಂದು ಎಲ್ಲರೂ ಜೋಪಾನ ಮಾಡಿದರು. ಎಲ್ಲರೂ ಜೋಪಾನ ಮಾಡಿದ್ದಕ್ಕೇ ಬೆಲೆ ಬರಲಿಲ್ಲ. ತಮಾಷೆ ಏನೆಂದರೆ, ಅದೇ ತಾರೀಖಿನ ಇನ್ನೊಂದು ಮುಖಪುಟ ಇದೆ. ಕೆನಡಿಗೆ ಗುಂಡು ಬಿದ್ದ ಶುಕ್ರವಾರ ಮುದ್ರಣ ಯಂತ್ರದ ಮೇಲೆ ಓಡುತ್ತಿದ್ದದ್ದು ನೌಕಾಪಡೆ ಅಕಾಡೆಮಿಯ ಫುಟ್‌ಬಾಲ್ ಆಟಗಾರ ರೋಜರ್ ಸ್ಟಾಬಾಕ್‌ನ ಚಿತ್ರ. ಯಂತ್ರ ನಿಲ್ಲಿಸಿದರು, ಅಚ್ಚಾದದ್ದನ್ನು ಎಸೆದರು. ಎಲ್ಲೋ ಕೆಲವು ಪ್ರತಿ ಉಳಿದುಕೊಂಡವು. ಸಂಗ್ರಾಹಕರು ಹುಡುಕುವುದು ಅದನ್ನು. ನಾನು ಕಣ್ಣಿನಿಂದ ನೋಡಿಲ್ಲ. ಆ ಮುಖಪುಟದ ಹುಡುಗನ ಕಥೆಯಲ್ಲಿ ಕೆನಡಿ ಇನ್ನೂ ಬದುಕಿದ್ದಾರೆ.

ಈಗ ಎಲ್ಲರೂ ಮೂಗು ಮುರಿಯುವ ಒಂದು ವಿಷಯಕ್ಕೆ ಬರುತ್ತೇನೆ. ವಿಳಾಸದ ಲೇಬಲ್. ಚಂದಾದಾರರ ಹೆಸರು, ಊರು ಇರುವ ಚಿಕ್ಕ ಚೀಟಿ, ಕೆಳಗಡೆ ಅಂಟಿಸಿರುತ್ತಾರೆ. ಅಂಗಡಿಯಲ್ಲಿ ಮಾರಿದ, ಲೇಬಲ್ ಇಲ್ಲದ ಪ್ರತಿಗೆ ಬೆಲೆ ಜಾಸ್ತಿ. ಕೆಲವರು ಹೇರ್ ಡ್ರೈಯರ್ ಹಿಡಿದು ಲೇಬಲ್ ಕಿತ್ತುಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಗ್ಯಾರೇಜಿನ ಕಟ್ಟಿನಲ್ಲಿ ಒಂದೇ ಮನೆತನದ ಇಪ್ಪತ್ತಕ್ಕೂ ಹೆಚ್ಚು ವರ್ಷದ ಪತ್ರಿಕೆ ಇತ್ತು. ಸಾಲಾಗಿ ಜೋಡಿಸಿ ಬರೀ ಲೇಬಲ್ ಓದಿದೆ. ಮೊದಲು ಊರು, ರಾಜ್ಯ ಅಷ್ಟೇ. 1943ರ ನಂತರ ಊರಿನ ಹೆಸರಾದ ಮೇಲೆ ಒಂದು ಅಂಕಿ ಬರುತ್ತದೆ, ಅಂಚೆ ವಲಯದ್ದು. ಅನುಭವಸ್ಥ ಅಂಚೆ ನೌಕರರು ಯುದ್ಧಕ್ಕೆ ಹೋಗಿದ್ದರು, ಹೊಸಬರಿಗೆ ಬೀದಿ ಗೊತ್ತಿರಲಿಲ್ಲ, ಅದಕ್ಕೇ ದೊಡ್ಡ ಊರುಗಳನ್ನು ವಲಯ ಮಾಡಿದ್ದು. ಯುದ್ಧ ಮುಗಿದು ನಾಲ್ಕೈದು ವರ್ಷಕ್ಕೆ ಇವರ ವಿಳಾಸವೇ ಬದಲಾಯಿತು. ಪೇಟೆಯ ಅಪಾರ್ಟ್‌ಮೆಂಟ್ ಹೋಗಿ, ಮರದ ಹೆಸರಿನ ಬೀದಿಯಲ್ಲಿ ಮನೆ. 1963ರ ಜುಲೈಯಲ್ಲಿ ನಮ್ಮ ಪಿನ್ ಕೋಡಿನಂಥ ಜಿಪ್ ಕೋಡ್ ಬಂತು, ಆಮೇಲೆ ಐದು ಅಂಕಿ. ಕೊನೆಯ ಎರಡು ವರ್ಷ ‘ಮಿಸ್ಟರ್’ ಹೋಗಿ ‘ಮಿಸೆಸ್’ ಮಾತ್ರ.

ಯುದ್ಧದ ನಂತರ ಲಕ್ಷಾಂತರ ಕುಟುಂಬಗಳು ಪೇಟೆ ಬಿಟ್ಟು ಹೊರವಲಯಕ್ಕೆ ಹೋದವು ಎಂದು ಪುಸ್ತಕದಲ್ಲಿ ಓದಿದ್ದೆ. ಲಾಂಗ್ ಐಲೆಂಡ್‌ನ ಲೆವಿಟೌನ್, 1947, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಸಾವಿರಾರು ಮನೆ. ಅಲ್ಲಿ ಮನೆ ಬಿಳಿಯರಿಗೆ ಮಾತ್ರ ಎಂದು ಕರಾರಿನಲ್ಲೇ ಬರೆದಿದ್ದರು. ಅದನ್ನೆಲ್ಲ ಓದಿದ್ದೆ, ಮರೆತಿದ್ದೆ. ಈ ಲೇಬಲ್ಲುಗಳನ್ನು ಮರೆಯಲಿಲ್ಲ.

ಜಾಹೀರಾತು ನೋಡದೆ ಪುಟ ತಿರುವುವವರಿಗೆ ಅರ್ಧ ಪತ್ರಿಕೆ ನಷ್ಟ. 1942ರ ಫೆಬ್ರವರಿಯಿಂದ ಯುದ್ಧ ಮುಗಿಯುವವರೆಗೆ ಇಲ್ಲಿ ಜನಸಾಮಾನ್ಯರಿಗೆ ಹೊಸ ಕಾರು ತಯಾರಾಗಲಿಲ್ಲ. ಆದರೆ ಕಾರು ಕಂಪನಿಗಳ ಜಾಹೀರಾತು ಮಾತ್ರ ನಿಲ್ಲಲಿಲ್ಲ. ಮಾರಲು ಏನೂ ಇಲ್ಲ, ಆದರೂ ಇಡೀ ಪುಟ. ನಾವು ಟ್ಯಾಂಕ್ ಮಾಡುತ್ತಿದ್ದೇವೆ, ವಿಮಾನದ ಎಂಜಿನ್ ಮಾಡುತ್ತಿದ್ದೇವೆ, ನಮ್ಮನ್ನು ಮರೆಯಬೇಡಿ. 1946ಕ್ಕೆ ಬನ್ನಿ. ಕ್ಯಾಮೆಲ್ ಸಿಗರೇಟಿನವರು ಬಿಳಿ ಕೋಟಿನ ಡಾಕ್ಟರನ್ನು ನಿಲ್ಲಿಸಿ, ಜಾಸ್ತಿ ಡಾಕ್ಟರುಗಳು ಸೇದುವುದು ನಮ್ಮದೇ ಎನ್ನುತ್ತಾರೆ. ಇದನ್ನು ನನ್ನ ಮಗಳಿಗೆ ತೋರಿಸಿದಾಗ, ‘ಅಪ್ಪಾ, ಇದು ಜೋಕಾ?’ ಎಂದಳು. ಜೋಕಲ್ಲ ಮಗಳೇ, ಆ ವಾರ ಇದನ್ನು ನೋಡಿ ಯಾರೂ ನಕ್ಕಿರಲಿಕ್ಕಿಲ್ಲ.

1961ರ ಸೆಪ್ಟೆಂಬರ್ 15ರ ‘ಲೈಫ್’ ಸಹ ಹೀಗೇ. ಅಣುಬಾಂಬಿನ ಧೂಳಿನಿಂದ ಮನೆಮಂದಿ ಬದುಕುಳಿಯುವುದು ಹೇಗೆ ಎಂಬುದೇ ಮುಖ್ಯ ಲೇಖನ. ಒಳಗೆ ಅಧ್ಯಕ್ಷ ಕೆನಡಿಯ ಪತ್ರ. ಆಶ್ರಯ ಕಟ್ಟಿಕೊಂಡರೆ ನೂರರಲ್ಲಿ ತೊಂಬತ್ತೇಳು ಜನ ಉಳಿಯಬಹುದು ಎಂಬ ಲೆಕ್ಕ. ನೆಲಮಾಳಿಗೆಯಲ್ಲಿ ಸಿಮೆಂಟಿನ ಗೂಡು ಕಟ್ಟುವ ನಕ್ಷೆ, ನೀರು ಎಷ್ಟು, ಡಬ್ಬಿ ಊಟ ಎಷ್ಟು. ಅಡುಗೆಮನೆ ರಿಪೇರಿ ಹೇಳಿಕೊಟ್ಟಷ್ಟೇ ಸಲೀಸಾಗಿ ಹೇಳಿದ್ದಾರೆ. ಆ ಸಲೀಸುತನ ಓದಿದಾಗ ನನಗೆ ಚಳಿ ಹುಟ್ಟಿತು.

ನೆಲಮಾಳಿಗೆ ಎಂದೆನಲ್ಲ, ನನ್ನದೇ ಒಂದು ಅನಾಹುತ ಹೇಳಬೇಕು. ಬೇಸ್‌ಮೆಂಟಿನಲ್ಲಿ ಏಳು ಪೆಟ್ಟಿಗೆ ನೆಲದ ಮೇಲೇ ಇಟ್ಟಿದ್ದೆ. ಒಂದು ಮಳೆಗೆ ನೀರು ಹೊರಹಾಕುವ ಪಂಪ್ ಕೈಕೊಟ್ಟಿತು. ನೀರು ಬಂದದ್ದು ನಾಲ್ಕೇ ಬೆರಳು. ಈ ನುಣುಪು ಕಾಗದಕ್ಕೆ ಬಿಳಿ ಜೇಡಿಮಣ್ಣಿನ ಲೇಪ ಇರುತ್ತದೆ, ಫೋಟೊ ಚೆನ್ನಾಗಿ ಮೂಡಲಿ ಎಂದು. ಒದ್ದೆಯಾಗಿ ಒಣಗಿದರೆ ಹಾಳೆಗೆ ಹಾಳೆ ಅಂಟಿ ಇಟ್ಟಿಗೆಯಾಗುತ್ತದೆ. ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ. ಎರಡು ಪೆಟ್ಟಿಗೆ ಇಟ್ಟಿಗೆ ಎಸೆದೆ. ‘ಕುರ್ಚಿ ತಂದಿದ್ದರೆ ಒರೆಸಿ ಇಡಬಹುದಿತ್ತು’ ಎಂದಳು ನನ್ನ ಹೆಂಡತಿ. ಈಗ ಎಲ್ಲ ಕಪಾಟಿನಲ್ಲಿ, ಆಮ್ಲವಿಲ್ಲದ ರಟ್ಟು ಇಟ್ಟು, ನೆಲದಿಂದ ಮೇಲೆ.

ಇಷ್ಟು ಹೊತ್ತು ನಾನು ತೋರಿಸಿದ ಪುಟಗಳಲ್ಲಿ ಏನೋ ಒಂದು ಇಲ್ಲ. ಗಮನಿಸಿದಿರಾ? ನನಗೂ ಹೊಳೆಯಲು ಎರಡು ವರ್ಷ ಹಿಡಿಯಿತು. ಫ್ರಿಜ್ಜಿನ ಮುಂದೆ ನಿಂತ ಹೆಂಗಸು, ಕಾರು ತೊಳೆಯುವ ಗಂಡಸು, ಹುಟ್ಟುಹಬ್ಬದ ಮಕ್ಕಳು, ಎಲ್ಲರೂ ಬಿಳಿಯರು. ಕರಿಯರು ಕಂಡರೆ ರೈಲಿನಲ್ಲಿ ಸಾಮಾನು ಹೊರುವವರು, ಅಡುಗೆಯವರು. ಆಗ ನಾನು ಕರಿಯ ಓದುಗರ ಪತ್ರಿಕೆಗಳಾದ ‘ಎಬೊನಿ’, ‘ಜೆಟ್’ ಹುಡುಕಲು ಶುರು ಮಾಡಿದೆ.

ಇವೆರಡನ್ನೂ ತಂದವರು ಶಿಕಾಗೋದ ಜಾನ್ ಎಚ್. ಜಾನ್ಸನ್. 1942ರಲ್ಲಿ ತಾಯಿಯ ಮನೆಸಾಮಾನು ಅಡವಿಟ್ಟು 500 ಡಾಲರ್ ಸಾಲ ಎತ್ತಿ ಮೊದಲ ಪತ್ರಿಕೆ ತಂದವರು. 1945ರಲ್ಲಿ ‘ಎಬೊನಿ’, ‘ಲೈಫ್’ ಹಾಗೆಯೇ ದೊಡ್ಡ ಅಳತೆ, ದೊಡ್ಡ ಫೋಟೊ. ಪತ್ರಿಕೆ ಚೆನ್ನಾಗಿ ಹೋಗುತ್ತಿತ್ತು, ಆದರೆ ದೊಡ್ಡ ಕಂಪನಿಗಳು ಜಾಹೀರಾತು ಕೊಡುತ್ತಿರಲಿಲ್ಲ. ಜೆನಿತ್ ರೇಡಿಯೊ ಕಂಪನಿಯ ಮುಖ್ಯಸ್ಥ ಮೆಕ್‌ಡೊನಾಲ್ಡ್ ಉತ್ತರ ಧ್ರುವದ ಕಡೆ ಸಾಹಸಯಾತ್ರೆಗೆ ಹೋಗಿಬಂದವರು ಎಂದು ಜಾನ್ಸನ್‌ಗೆ ಗೊತ್ತಾಯಿತು. 1909ರಲ್ಲಿ ಅನ್ವೇಷಕ ರಾಬರ್ಟ್ ಪಿಯರಿಯ ಜೊತೆ ಧ್ರುವಯಾತ್ರೆ ಮಾಡಿದ ಕರಿಯ ಸಾಹಸಿ ಮ್ಯಾಥ್ಯೂ ಹೆನ್ಸನ್ ಇನ್ನೂ ಬದುಕಿದ್ದರು. ಅವರ ಬಗ್ಗೆ ‘ಎಬೊನಿ’ಯಲ್ಲಿ ಲೇಖನ ಹಾಕಿ, ಅವರೇ ಬರೆದ ಪುಸ್ತಕಕ್ಕೆ ಅವರ ಸಹಿ ಹಾಕಿಸಿ, ಎರಡನ್ನೂ ಹಿಡಿದು ಜಾನ್ಸನ್ ಹೋದರು. ಜಾಹೀರಾತು ಸಿಕ್ಕಿತು. ವ್ಯಾಪಾರ ಅಂದರೆ ಇದು, ಅಲ್ವಾ?

‘ಜೆಟ್’ 1951ರಲ್ಲಿ ಬಂತು. ನೋಡಿ, ಇಷ್ಟೇ ಗಾತ್ರ. ಜೇಬಿನಲ್ಲಿ ಹಿಡಿಯುತ್ತದೆ. ಕೈಯಿಂದ ಕೈಗೆ ಹೋಗಿ, ಓದಿ ಓದಿ ಹರಿದುಹೋದದ್ದರಿಂದ ನನಗೆ ಒಳ್ಳೆಯ ಪ್ರತಿ ಸಿಕ್ಕಿದ್ದೇ ಕಡಿಮೆ. 1955ರ ಸೆಪ್ಟೆಂಬರ್ 15ರ ಸಂಚಿಕೆ ನನ್ನ ಹತ್ತಿರ ಇಲ್ಲ. ಒಂದು ಗ್ರಂಥಾಲಯದಲ್ಲಿ ಕೈಯಲ್ಲಿ ಹಿಡಿದು ನೋಡಿದ್ದೇನೆ. ಶಿಕಾಗೋದ ಎಮೆಟ್ ಟಿಲ್, ಹದಿನಾಲ್ಕು ವರ್ಷದ ಹುಡುಗ, ಬೇಸಿಗೆ ರಜೆಗೆ ಮಿಸಿಸಿಪಿಯ ನೆಂಟರ ಮನೆಗೆ ಹೋಗಿದ್ದ. ಅಂಗಡಿಯ ಬಿಳಿ ಹೆಂಗಸಿನ ಜೊತೆ ಸಲಿಗೆ ತೋರಿಸಿದ ಎಂಬ ಆರೋಪ. ಆಗಸ್ಟ್ 28ರ ರಾತ್ರಿ ಮನೆಯಿಂದ ಎಳೆದೊಯ್ದು ಕೊಂದು ಹೊಳೆಗೆ ಎಸೆದರು. ಮುಖ ಗುರುತು ಸಿಗದ ಹಾಗಾಗಿತ್ತು. ತಾಯಿ ಮೇಮಿ ಟಿಲ್ ಪೆಟ್ಟಿಗೆ ಮುಚ್ಚಲು ಬಿಡಲಿಲ್ಲ. ನನ್ನ ಮಗನಿಗೆ ಏನು ಮಾಡಿದ್ದಾರೆಂದು ಎಲ್ಲರೂ ನೋಡಲಿ ಎಂದರು. ಆ ಮುಖದ ಫೋಟೊವನ್ನು ‘ಜೆಟ್’ ಅಚ್ಚು ಹಾಕಿತು.

ಆ ಸೆಪ್ಟೆಂಬರಿನಲ್ಲೇ ಬಿಳಿಯರಷ್ಟೇ ಇದ್ದ ಜ್ಯೂರಿ ಒಂದು ಗಂಟೆ ಚಿಲ್ಲರೆ ಹೊತ್ತು ಕೂತು ಇಬ್ಬರು ಆರೋಪಿಗಳನ್ನು ಬಿಟ್ಟುಬಿಟ್ಟಿತು. ಆಮೇಲೆ ಬಂದದ್ದು ಇದು, ನಾನು ಕೈಚೀಲದಿಂದ ತೆಗೆಯುತ್ತಿರುವ ‘ಲುಕ್’, 1956ರ ಜನವರಿ 24. ಅದೇ ಇಬ್ಬರು ದುಡ್ಡು ಇಸಿದುಕೊಂಡು, ಹೌದು, ನಾವೇ ಕೊಂದದ್ದು ಎಂದು ಈ ಪತ್ರಿಕೆಗೆ ಹೇಳಿದರು. ಒಮ್ಮೆ ಬಿಡುಗಡೆಯಾದವರನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಣೆ ಮಾಡುವಂತಿಲ್ಲ. ಅದು ಗೊತ್ತಿದ್ದೇ ಹೇಳಿದ್ದು. ಈ ಒಪ್ಪಿಗೆಯಲ್ಲೂ ಎಲ್ಲ ನಿಜವಿಲ್ಲ. ತಮಗೆ ಅನುಕೂಲವಾದಷ್ಟು ಹೇಳಿದ್ದಾರೆ, ಆ ಹುಡುಗನ ಮೇಲೇ ತಪ್ಪು ಹೊರಿಸಿದ್ದಾರೆ. ಹಳೇ ಕಾಗದ, ಆ ಕಾಲದ್ದೇ ದಾಖಲೆ ಅಂದ ಮಾತ್ರಕ್ಕೆ ನಂಬಿಬಿಡಬಾರದು ಎಂದು ನನಗೆ ಕಲಿಸಿದ ಸಂಚಿಕೆ ಇದು.

ಅಂಥದೇ ಇನ್ನೊಂದು, 1941ರ ಡಿಸೆಂಬರ್ 22ರ ‘ಲೈಫ್’. ಮುಖಪುಟದಲ್ಲಿ ಅಮೆರಿಕದ ಬಾವುಟ. ಒಳಗೆ ಎರಡು ಮುಖಗಳ ಫೋಟೊ, ಮೇಲೆ ಗೆರೆ ಎಳೆದು ಗುರುತು ಹಾಕಿದ್ದಾರೆ. ಚೀನಾದವರನ್ನೂ ಜಪಾನಿನವರನ್ನೂ ಬೇರೆ ಮಾಡಿ ಗುರುತಿಸುವುದು ಹೇಗೆ ಎಂಬ ಪಾಠ, ಮೂಗು ಹೀಗೆ, ಕೆನ್ನೆ ಹಾಗೆ ಅಂತ. ಸಂತೆಯಲ್ಲಿ ದನ ನೋಡುವವರ ಹಾಗೆ. ಎರಡೇ ತಿಂಗಳಿಗೆ ಸರ್ಕಾರದ ಆಜ್ಞೆ ಬಂತು. ಸುಮಾರು 1,20,000 ಜಪಾನಿ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿದರು. ಮೂರರಲ್ಲಿ ಎರಡು ಪಾಲು ಅಮೆರಿಕದ ಪೌರರೇ.

ಗೂಗಲ್‌ನಲ್ಲಿ ಎಲ್ಲ ಇದೆಯಲ್ಲ, ಕಾಗದ ಯಾಕೆ ಎಂದು ಪ್ರತಿ ಸಲ ಒಬ್ಬರಾದರೂ ಕೇಳುತ್ತಾರೆ. ನಿಜ, 1936ರಿಂದ 1972ರವರೆಗಿನ ‘ಲೈಫ್’ ಪುಟಪುಟವಾಗಿ ಗೂಗಲ್ ಬುಕ್ಸ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ನಾನೂ ದಿನಾ ನೋಡುತ್ತೇನೆ. ಉತ್ತರವಾಗಿ ಎರಡು ಸಂಚಿಕೆ ತೋರಿಸುತ್ತೇನೆ.

ಒಂದು, 1943ರ ಸೆಪ್ಟೆಂಬರ್ 20. ಅಲ್ಲಿಯವರೆಗೆ ಸತ್ತ ಅಮೆರಿಕನ್ ಸೈನಿಕರ ಫೋಟೊ ಪತ್ರಿಕೆಗಳಲ್ಲಿ ಬರಲು ಸರ್ಕಾರ ಬಿಡುತ್ತಿರಲಿಲ್ಲ. ಜಾರ್ಜ್ ಸ್ಟ್ರಾಕ್ ನ್ಯೂಗಿನಿಯ ಬೂನಾ ಕಡಲತೀರದಲ್ಲಿ ತೆಗೆದ ಈ ಚಿತ್ರ ತಿಂಗಳುಗಟ್ಟಲೆ ಸೆನ್ಸಾರ್ ಕೈಯಲ್ಲಿ ಕೂತಿತ್ತು. ಯುದ್ಧವೆಂದರೆ ಸಲೀಸು ಎಂದು ಊರಲ್ಲಿರುವವರು ಅಂದುಕೊಳ್ಳುತ್ತಿದ್ದಾರೆ ಎನ್ನಿಸಿದಾಗ ರೂಸ್‌ವೆಲ್ಟ್ ಆಡಳಿತ ಒಪ್ಪಿತು. ಮೂವರು ಮರಳಿನ ಮೇಲೆ ಬಿದ್ದಿದ್ದಾರೆ. ಯಾರ ಮುಖವೂ ಕಾಣುವುದಿಲ್ಲ. ಹೆಸರೂ ಇಲ್ಲ.

ಇನ್ನೊಂದು, 1969ರ ಜೂನ್ 27. ವಿಯೆಟ್ನಾಂ ಕಾಲ. ಇಲ್ಲಿ ಬರೀ ಮುಖಗಳು. ಒಂದು ವಾರದ ಲೆಕ್ಕದಲ್ಲಿ ಸತ್ತವರೆಂದು ಸರ್ಕಾರ ಪ್ರಕಟಿಸಿದ 242 ಹುಡುಗರಲ್ಲಿ ಹೆಚ್ಚಿನವರದು. ಶಾಲೆಯ ಫೋಟೊಗಳಂತೆ ಸಾಲು ಸಾಲು. ಕೆಳಗೆ ಹೆಸರು, ವಯಸ್ಸು, ಊರು. ಬೇರೆ ಮಾತು ಹೆಚ್ಚಿಲ್ಲ.

ಈ ಪ್ರತಿ ನನಗೆ ಒಂದು ಡಾಲರಿಗೆ ಸಿಕ್ಕಿತು. ಮಾರುವವನೇ ಹೇಳಿದ್ದ, ‘ಹಾಳೆ ಕತ್ತರಿಸಿದೆ ನೋಡಿಕೊಳ್ಳಿ’ ಅಂತ. ಮನೆಗೆ ಬಂದು ತೆರೆದೆ. ಮುಖಗಳ ಸಾಲಿನಲ್ಲಿ ಒಂದು ಚೌಕ ಇಲ್ಲ. ಕತ್ತರಿಯಿಂದ ನೇರವಾಗಿ, ನಿಧಾನವಾಗಿ ಕತ್ತರಿಸಿದ್ದಾರೆ. ಹಿಂದಿನ ಪುಟದಲ್ಲಿ ಇನ್ನೊಬ್ಬ ಹುಡುಗನ ಅರ್ಧ ಮುಖವೂ ಅದರ ಜೊತೆ ಹೋಗಿದೆ. ಗೂಗಲ್‌ನಲ್ಲಿ ಅದೇ ಪುಟ ತೆಗೆದೆ. ಅಲ್ಲಿ ತೂತು ಇಲ್ಲ, ಎಲ್ಲ ಮುಖವೂ ಇದೆ. ಯಾರ ಚಿತ್ರ ಎಂದು ಒಂದು ನಿಮಿಷದಲ್ಲಿ ಗೊತ್ತಾಯಿತು. ಹೆಸರು ಇಲ್ಲಿ ಬೇಡ. ಕೆಳಗಿದ್ದ ಊರಿನ ಹೆಸರು ಓದಿ, ಪತ್ರಿಕೆ ಮುಚ್ಚಿ, ಮುಖಪುಟದ ಲೇಬಲ್ ನೋಡಿದೆ. ಅದೇ ಊರು.

ಮೇಜಿನ ಮೇಲೆ ನಲವತ್ತು ಸಂಚಿಕೆ ಇಟ್ಟಿದ್ದೇನೆ. ಕಾಫಿ ಲೋಟ ದೂರ ಇಟ್ಟು, ಕೈ ಒರೆಸಿಕೊಂಡು ಬಂದು ಆರಾಮವಾಗಿ ತಿರುವಿ ನೋಡಿ. ಪಿನ್ನುಗಳು ತುಕ್ಕು ಹಿಡಿದಿವೆ, ನಡುವಿನ ಹಾಳೆ ಎಳೆಯಬೇಡಿ. ಇದೊಂದನ್ನು ಮಾತ್ರ ನನ್ನ ಹತ್ತಿರವೇ ಇಟ್ಟುಕೊಂಡಿರುತ್ತೇನೆ. ನೋಡಬೇಕು ಅನ್ನಿಸಿದವರು ಬನ್ನಿ, ಪುಟ ನಾನು ತಿರುವುತ್ತೇನೆ.